ಸ್ಕೋಪಿಗೆ ಹಚ್ಚಿದ ಕುಂಕುಮ

ನಲವತ್ತೆರಡನೆಯ ವಯಸ್ಸಿನಲ್ಲಿ ನಾನು ಮತ್ತೆ ಬಂದೂಕು ಹಿಡಿದೆ ಎಂದು ಹೇಳಿದರೆ ನಂಟರಲ್ಲಿ ಅರ್ಧ ಜನ ನಗುತ್ತಾರೆ, ಉಳಿದರ್ಧ ಜನ ನನ್ನ ಗಂಡನ ಕಡೆ ಕನಿಕರದಿಂದ ನೋಡುತ್ತಾರೆ. ಆದರೆ ನಡೆದದ್ದು ಹೌದು. ದುಬೈಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ನನ್ನ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ರಕ್ತದ ಕಣಗಳನ್ನು ನೋಡುವುದು. ಮನೆ ಮಿರ್ದಿಫ್‌ನಲ್ಲಿ, ತಲೆಯ ಮೇಲೆಯೇ ವಿಮಾನ ಇಳಿಯುವ ಕಡೆ. ಯಜಮಾನರು ಜುಮೇರಾ ಲೇಕ್ ಟವರ್ಸ್‌ನ ಒಂದು ಕಚೇರಿಯಲ್ಲಿ ಇಂಜಿನಿಯರು. ಊರು ಮುಗಿದು ಮರಳು ಶುರುವಾಗುವಲ್ಲಿ ಒಂದು ಶೂಟಿಂಗ್ ಕ್ಲಬ್ಬು ಇತ್ತು. ಆಸ್ಪತ್ರೆಯವರು ಒಂದು ಶುಕ್ರವಾರ ನಮ್ಮನ್ನೆಲ್ಲ ಬಸ್ಸಿಗೆ ಹತ್ತಿಸಿ ಅಲ್ಲಿಗೆ ವಿಹಾರಕ್ಕೆ ಕರೆದುಕೊಂಡು ಹೋದರು. ಉಳಿದವರು ಐದೈದು ಗುಂಡು ಹೊಡೆದು, ಫೋಟೋ ತೆಗೆಸಿಕೊಂಡು, ಬಿರಿಯಾನಿಯ ಸಾಲಿಗೆ ಹೋದರು. ನಾನು ಹೋಗಲಿಲ್ಲ. ಇನ್ನೊಂದು ಡಬ್ಬಿ ಗುಂಡು ಕೇಳಿದೆ.

ಕಾರಣ ಹಳೆಯದು. ಪುತ್ತೂರಿನಲ್ಲಿ ಕಾಲೇಜಿಗೆ ಹೋಗುವಾಗ ನಾನು ಎನ್‌ಸಿಸಿಯಲ್ಲಿದ್ದೆ. ಗೋಣಿಯ ಮೇಲೆ ಬೋರಲು ಮಲಗಿ ಸಣ್ಣ ಗುಂಡಿನ ರೈಫಲ್ಲು ಹೊಡೆಯುವುದೆಂದರೆ ನನಗೆ ಊಟ ತಿಂಡಿ ಬೇಡ. ದೊಡ್ಡ ಶಿಬಿರಕ್ಕೆ ಹೋಗುವವರನ್ನು ಆರಿಸುವ ದಿನ ನನ್ನ ಐದೂ ಗುಂಡುಗಳು ಒಂದು ರೂಪಾಯಿ ನಾಣ್ಯದ ಅಡಿಯಲ್ಲಿ ಮುಚ್ಚಿಹೋಗುವಷ್ಟು ಹತ್ತಿರ ಬಿದ್ದಿದ್ದವು. ಆದರೆ ಎಲ್ಲವೂ ಕಪ್ಪು ವೃತ್ತದ ಹೊರಗೆ, ಎಡಕ್ಕೆ. ನನ್ನ ಪಾಲಿಗೆ ಬಂದ ಬಂದೂಕಿನ ಗುರಿಮೊನೆ ಒಂದು ಕೂದಲೆಳೆಯಷ್ಟು ವಾಲಿತ್ತು. "ಗುಂಪು ಚಂದ ಉಂಟು, ಜಾಗ ತಪ್ಪಿದೆ" ಎಂದು ನಮ್ಮ ಸರ್ ಕಾಗದವನ್ನು ಮಡಚಿ ಮುಂದಿನವಳನ್ನು ಕರೆದರು. ಮರುದಿನ ನೋಟಿಸ್ ಬೋರ್ಡಿನ ಪಟ್ಟಿಯನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದಿದೆ. ನನ್ನ ಹೆಸರು ಇರಲಿಲ್ಲ. ಮನೆಗೆ ಬಂದು ಬಂದೂಕನ್ನು ಬೈದಾಗ ಅಜ್ಜ ಅಡಕೆ ಕತ್ತರಿಸುತ್ತ, "ಕುಣಿಯಲಾರದವಳಿಗೆ ನೆಲ ಡೊಂಕು" ಎಂದರು. ಇನ್ನೊಂದು ಅಡಕೆ ಕತ್ತರಿಸಿ, "ಕೆಲವು ಸಲ ನೆಲವೂ ಡೊಂಕಿರ್ತದೆ, ಅದೂ ಹೌದು" ಎಂದು ಸಮಾಧಾನ ಮಾಡಿದರು. ಅಜ್ಜನ ಎರಡನೆಯ ಮಾತು ನನ್ನೊಳಗೆ ಇಪ್ಪತ್ತೆರಡು ವರ್ಷ ಹಾಗೆಯೇ ಕೂತಿತ್ತು.

ಕ್ಲಬ್ಬಿನಲ್ಲಿ ನನ್ನ ಇನ್ನೊಂದು ಡಬ್ಬಿ ಗುಂಡು ಮುಗಿಯುವಾಗ ಹಿಂದೆ ಯಾರೋ ನಿಂತಿದ್ದರು. ರೇಂಜಿನ ಮೇಲ್ವಿಚಾರಕರು, ಬೆಳಗಾವಿ ಕಡೆಯವರು, ನಮ್ಮ ಸೇನೆಯಲ್ಲಿ ಹವಾಲ್ದಾರರಾಗಿ ನಿವೃತ್ತರಾಗಿ ಇಲ್ಲಿಗೆ ಬಂದವರು. ನನ್ನ ಬಾಯಿಂದ "ಅಯ್ಯೋ ದೇವರೇ" ಎಂದು ಬಿದ್ದ ಒಂದು ಮಾತಿನಿಂದಲೇ ಕನ್ನಡದವಳೆಂದು ಗುರುತು ಹಿಡಿದಿದ್ದರು.

"ಅಕ್ಕಾವ್ರ, ಕೈ ಗಟ್ಟಿ ಐತ್ರಿ ನಿಮ್ದು. ಉಸಿರೂ ಚಲೋ ಐತಿ. ಕಣ್ಣ ಮಾತ್ರ ನಿಮ್ಮ ಮಾತ ಕೇಳವಲ್ದು."

ಅವರು ಹೇಳಿದ್ದು ಸರಿ. ಲೋಹದ ಗುರಿಮೊನೆಯನ್ನು ನೋಡಿದರೆ ದೂರದ ಗುರಿ ಮಸುಕು. ಗುರಿಯನ್ನು ನೋಡಿದರೆ ಗುರಿಮೊನೆ ಮಸುಕು. ನಲವತ್ತು ದಾಟಿದ ಕಣ್ಣಿಗೆ ಹತ್ತಿರ ದೂರ ಎರಡನ್ನೂ ಒಟ್ಟಿಗೆ ಸಂಭಾಳಿಸಲು ಆಗುವುದಿಲ್ಲ. "ಸ್ಕೋಪ್ ಹಾಕ್ಕೊರ್ರಿ" ಎಂದರು ಹವಾಲ್ದಾರರು. "ಬಂದೂಕಿನ ಮ್ಯಾಲ ಕೂಡಸೋ ದುರ್ಬೀನು ಅದು. ಅದರಾಗ ಗುರಿ, ಗೆರಿ ಎಲ್ಲಾ ಒಂದ ದೂರದಾಗ ಕಾಣ್ತದ. ಅಕ್ಟೋಬರ್‌ದಾಗ ಸದಸ್ಯರ ಪಂದ್ಯ ಐತಿ. ಸ್ಕೋಪಿಂದ ಬ್ಯಾರೆ ವಿಭಾಗ. ಮೊದ್ಲ ಎಂಟ ಮಂದಿ ಹೆಸರು ಬೋರ್ಡಿಗೆ ಹಚ್ತಾರ, ಅವರು ಫೈನಲ್‌ಗೆ."

ಬೋರ್ಡಿಗೆ ಹೆಸರು ಹಚ್ಚುತ್ತಾರೆ! ನನಗೆ ಬಾಕಿ ಯಾವುದೂ ಕೇಳಿಸಲಿಲ್ಲ. ಪದಕ ಬೇಡ, ಟ್ರೋಫಿ ಬೇಡ. ಒಂದು ಬೋರ್ಡು, ಅದರಲ್ಲಿ ಎಂಟು ಹೆಸರು, ಎಂಟರಲ್ಲಿ ನನ್ನದೊಂದು. ಅಂದು ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಯಜಮಾನರಿಗೆ ಹೇಳಿದೆ. ಅವರು ಕನ್ನಡಕವನ್ನು ಹಣೆಗೇರಿಸಿ, "ಸ್ಕೋಪಾ? ಮೊದಲೇ ಹೇಳಬಾರದಾ ಮಾರಾಯ್ತಿ!" ಎಂದು ಲ್ಯಾಪ್‌ಟಾಪು ತೆರೆದೇಬಿಟ್ಟರು. ನಮ್ಮ ಮನೆಯವರಿಗೆ ವಸ್ತು ಬೇಕೆಂದಿಲ್ಲ, ವಸ್ತುವನ್ನು ಆರಿಸುವ ಕೆಲಸ ಸಿಕ್ಕಿದರೆ ಸಾಕು. ಮಿಕ್ಸಿ ತರಲು ಮೂರು ತಿಂಗಳು ಓದಿದವರು.

ನಿಯಮ ಹೀಗಿತ್ತು: ಬಂದೂಕು ಕ್ಲಬ್ಬಿನದು, ಅದು ಗೇಟು ದಾಟುವಂತಿಲ್ಲ. ಅದರ ಮೇಲೆ ಕೂರುವ ಸ್ಕೋಪು, ಬಂದೂಕಿನ ಕೆಳಗೆ ಇಡುವ ಚೀಲ, ಕೆನ್ನೆ ಒರಗಿಸುವ ಪಟ್ಟಿ, ಇವೆಲ್ಲ ನಮ್ಮದು. ಸ್ಕೋಪು ಕೊಳ್ಳುವುದಕ್ಕೂ ಕ್ಲಬ್ಬಿನ ಪತ್ರ ಬೇಕು. ಪತ್ರ ಹಿಡಿದುಕೊಂಡು ಒಂದು ಶನಿವಾರ ಅಬುಧಾಬಿಗೆ ಹೊರಟೆವು. ಹಮ್ದಾನ್ ಸ್ಟ್ರೀಟ್‌ನಲ್ಲಿ ಬೇಟೆ ಸಾಮಾನಿನ ಒಂದು ಹಳೆಯ ಅಂಗಡಿ ಉಂಟೆಂದು ಹವಾಲ್ದಾರರೇ ಹೇಳಿದ್ದರು. ಕಾರಿನಲ್ಲಿ ಹಿಂದೆ ಅತ್ತೆ. ಮೂರು ತಿಂಗಳ ವಿಸಿಟ್ ವೀಸಾದಲ್ಲಿ ಊರಿನಿಂದ ಬಂದಿದ್ದ ಅವರು ನಾವು ಎಲ್ಲಿಗೆ ಹೊರಟರೂ ಕೊಡೆ ಹಿಡಿದು ಮೊದಲು ಕಾರಿನಲ್ಲಿ ಕೂತಿರುತ್ತಿದ್ದರು.

ಅಂಗಡಿಯಲ್ಲಿ ಒಂದು ಗೋಡೆ ತುಂಬ ಗಿಡುಗನ ಕಣ್ಣಿಗೆ ತೊಡಿಸುವ ಚರ್ಮದ ಟೊಪ್ಪಿಗೆಗಳು, ಇನ್ನೊಂದು ಕಡೆ ಮರುಭೂಮಿಯಲ್ಲಿ ಕಾವಾ ಎಂಬ ಅರಬ್ಬೀ ಕಾಫಿ ಕುದಿಸುವ ಹಿತ್ತಾಳೆಯ ಪಾತ್ರೆಗಳು, ಗಾಜಿನ ಕಪಾಟಿನಲ್ಲಿ ಸ್ಕೋಪುಗಳು. ಸೇಲ್ಸ್‌ಮನ್ ಕಾಸರಗೋಡಿನವನು, ಮಲಯಾಳ, ತುಳು, ಕನ್ನಡ ಮೂರನ್ನೂ ಒಂದೇ ಉಸಿರಿನಲ್ಲಿ ಆಡುವವನು.

"ಇದು ನೋಡಿ ಸಾರ್, ಇಪ್ಪತ್ತನಾಲ್ಕು ಪಟ್ಟು!" ಎಂದು ಅವನು ಒಂದು ದೊಡ್ಡ ಕೊಳವೆಯನ್ನು ತೆಗೆದದ್ದೇ ತಡ, ಯಜಮಾನರ ಮುಖ ಅರಳಿತು.

"ಇದೇ ತಗೊಳ್ಳುವ. ಪಕ್ಕದ ಹದಿನಾರು ಪಟ್ಟಿನದಕ್ಕಿಂತ ಇಪ್ಪತ್ತನಾಲ್ಕು ದೊಡ್ಡದಲ್ಲವಾ?"

"ದೊಡ್ಡದು ಕಂಡರೆ ಚೆನ್ನಾಗಿ ಕಾಣ್ತದೆ ಅಂತ ಯಾರು ಹೇಳಿದ್ದು ಮಾರಾಯ್ರೆ?" ಎಂದೆ. ಅದು ಲ್ಯಾಬಿನಲ್ಲಿ ಕಲಿತ ಪಾಠ. ಗಾಜು ಒಳ್ಳೆಯದಲ್ಲದಿದ್ದರೆ ಎಷ್ಟು ದೊಡ್ಡದು ಮಾಡಿದರೂ ಮಸುಕೇ ದೊಡ್ಡದಾಗುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಮೈಕ್ರೋಸ್ಕೋಪಿನ ದೊಡ್ಡ ಮಸೂರಕ್ಕೇ ಹಾರುತ್ತಾರೆ. ಪಳಗಿದವರು ಸಣ್ಣದರಲ್ಲಿ ಹುಡುಕುತ್ತಾರೆ.

"ಹೊರಗೆ ಹೋಗಿ ನೋಡುವ" ಎಂದೆ. ಸೇಲ್ಸ್‌ಮನ್ ಗಾಬರಿಯಾದ. ಆದರೂ ನಮ್ಮನ್ನು ಬಾಗಿಲವರೆಗೆ ಕರೆದುಕೊಂಡು ಬಂದು, ಸ್ಕೋಪನ್ನು ಒಂದು ಕುಳ್ಳು ಮುಕ್ಕಾಲಿಯ ಮೇಲೆ ಕೂರಿಸಿ, ಎದುರು ಸಾಲಿನ ಒಂದು ಹಲ್ಲಿನ ಕ್ಲಿನಿಕ್ಕಿನ ಬೋರ್ಡಿನತ್ತ ತಿರುಗಿಸಿದ. "ಅದರ ಕೆಳಗಿನ ಸಣ್ಣ ಅಕ್ಷರ ಓದಿ. ಮೇಲೆ ಮಾತ್ರ ನೋಡ್ಬೇಡಿ ಅಕ್ಕ. ಮೇಲೆ ಫ್ಲಾಟ್ ಉಂಟು, ಹೆಂಗಸರು ಬಟ್ಟೆ ಒಣಗಿಸ್ತಾರೆ. ಯಾರಾದರೂ ಪೊಲೀಸಿಗೆ ಫೋನ್ ಮಾಡಿದರೆ ನಾನು ಖಲಾಸ್."

ಅತ್ತೆ ತಕ್ಷಣ ಕೊಡೆ ಬಿಡಿಸಿ ಸ್ಕೋಪಿನ ಮೇಲ್ಭಾಗಕ್ಕೆ ಅಡ್ಡ ಹಿಡಿದರು. "ಈಗ ನೋಡು. ಮೇಲೆ ಕಾಣುವುದೇ ಇಲ್ಲ." ರಸ್ತೆಯಲ್ಲಿ ಹೋಗುವವರು ನಿಂತು ನೋಡತೊಡಗಿದರು.

ಇಪ್ಪತ್ತನಾಲ್ಕು ಪಟ್ಟಿನಲ್ಲಿ ಬೋರ್ಡು ಕಣ್ಣಿಗೇ ಬಂದು ಬಡಿಯಿತು. ಆದರೆ ಅಕ್ಷರಗಳು ಬಾಣಲೆಯ ಎಣ್ಣೆಯೊಳಗೆ ಬಿದ್ದಂತೆ ಕುಣಿಯುತ್ತಿದ್ದವು. ನಡುವೆ ಬಿಸಿಲಿಗೆ ಕಾದ ಕಾರುಗಳ ಸಾಲು. ಅವುಗಳ ಬಾನೆಟ್ಟಿನಿಂದ ಏಳುವ ಬಿಸಿಗಾಳಿಯನ್ನೂ ಸ್ಕೋಪು ಇಪ್ಪತ್ತನಾಲ್ಕು ಪಟ್ಟು ಮಾಡಿ ತೋರಿಸುತ್ತಿತ್ತು. ರೇಂಜಿನ ಮರಳಿನ ಮೇಲೆ ಇದಕ್ಕಿಂತ ಹೆಚ್ಚು. ಕೊಳವೆಯ ಮೇಲಿನ ಉಂಗುರ ತಿರುಗಿಸಿ ಹನ್ನೆರಡು ಪಟ್ಟಿಗೆ ಇಳಿಸಿದೆ. ಅಕ್ಷರ ಸಣ್ಣದಾಯಿತು, ನಿಂತಿತು.

"ಈಗ ನೀವು ನೋಡಿ."

ಯಜಮಾನರು ನೋಡಿದರು. ಮೇಲೆ ಕೆಳಗೆ ತಿರುಗಿಸಿದರು. ಕೊನೆಗೆ, "ಬಿಸಿಲ್ಗುದುರೆಗೆ ದುಡ್ಡು ಕೊಡುವುದು ಬೇಡ" ಎಂದು ಅವರೇ ತೀರ್ಪು ಕೊಟ್ಟರು. ನನಗೆ ಅಲ್ಲೇ ಕುಣಿಯಬೇಕೆನಿಸಿತು. ಮದುವೆಯಾಗಿ ಅಷ್ಟು ವರ್ಷಗಳಲ್ಲಿ ಒಂದು ಯಂತ್ರದ ವಿಷಯದಲ್ಲಿ ನಾನು ಗೆದ್ದದ್ದು ಅದೇ ಮೊದಲು.

ಆಮೇಲೆ ಹವಾಲ್ದಾರರ ಪಟ್ಟಿ ತೆಗೆದೆ. ಅವರು ಮೂರೇ ಪರೀಕ್ಷೆ ಹೇಳಿದ್ದರು. ಸ್ಕೋಪನ್ನು ಅಲ್ಲಾಡಿಸದೆ ತಲೆಯನ್ನು ಆಚೆ ಈಚೆ ಮಾಡಬೇಕು. ಒಳಗಿನ ಅಡ್ಡಗೆರೆ ಗುರಿಯ ಮೇಲೆ ಜಾರಿದರೆ ನಮ್ಮ ಪಂದ್ಯದ ಐವತ್ತು ಮೀಟರಿಗೆ ಅದು ನಾಲಾಯಕ್ಕು, ಜಾರುವುದನ್ನು ನಿಲ್ಲಿಸುವ ಗುಂಡಿ ಬದಿಯಲ್ಲಿರಬೇಕು. ಎರಡನೆಯದು, ಗುಂಡು ಬೀಳುವ ಜಾಗವನ್ನು ಸರಿಸುವ ಮೇಲಿನ ಮತ್ತು ಬಲಗಡೆಯ ಗುಂಡಿಗಳು. "ಟಿಕ್ ಅಂದದ್ದು ಕಿವಿಗೂ ಗೊತ್ತಾಗ್ಬೇಕು, ಬೆರಳಿಗೂ ಗೊತ್ತಾಗ್ಬೇಕ್ರಿ. ಇಪ್ಪತ್ತ ಟಿಕ್ ಆಚಿ ಹೋಗಿ ಇಪ್ಪತ್ತ ಟಿಕ್ ಈಚಿ ಬಂದ್ರ, ಹೊಂಟಲ್ಲೇ ಬಂದಿರಬೇಕು. ದನಾ ಸಂಜಿಗೆ ಕೊಟ್ಟಿಗಿಗೆ ಬಂದಂಗ." ಮೂರನೆಯದು ಅವರಿಗೆ ಎಲ್ಲಕ್ಕಿಂತ ದೊಡ್ಡದು: ಸ್ಕೋಪನ್ನು ಬಂದೂಕಿಗೆ ಹಿಡಿಸುವ ಉಂಗುರಗಳು. "ಸ್ಕೋಪಿಗೆ ರೊಕ್ಕಾ ಸುರೀತಾರ, ಉಂಗುರಕ್ಕ ಜಿಪುಣತನ ಮಾಡ್ತಾರ. ಚಲೋ ಹುಡುಗಿನ ತಂದು ಮುರಕ ಮನಿಯಾಗ ಇಟ್ಟಂಗ."

ನಾಲ್ಕರಿಂದ ಹದಿನಾರು ಪಟ್ಟಿನದೊಂದು ಮೊದಲ ಎರಡರಲ್ಲೂ ಪಾಸಾಯಿತು. ನಡುವೆ ಕೂದಲಿನಷ್ಟು ತೆಳ್ಳಗಿನ ಅಡ್ಡಗೆರೆ, ಕೂಡುವಲ್ಲಿ ಒಂದು ಚುಕ್ಕೆ. ಸೇಲ್ಸ್‌ಮನ್ ಹೊಳೆಯುವ ಕೆಂಪು ದೀಪವಿರುವ ಗೆರೆಯದನ್ನೂ ತೋರಿಸಿದ. ಹಗಲು ಕಾಗದದ ಮೇಲೆ ಹೊಡೆಯುವವಳಿಗೆ ದೀಪ ಯಾಕೆ ಎಂದು ಬಿಟ್ಟೆ. ಉಂಗುರ ಗಟ್ಟಿಯದೇ ಕೊಂಡೆವು, ಕೆನ್ನೆ ಬಂದೂಕಿಗೆ ಒರಗಿದರೆ ಕಣ್ಣು ನೇರ ಗಾಜಿಗೆ ಬರುವಷ್ಟು ಕುಳ್ಳಗಿನದು. ಯಜಮಾನರ ಮನಸ್ಸು ಮುರಿಯಬಾರದೆಂದು, ಬಂದೂಕು ವಾಲಿದರೆ ತೋರಿಸುವ ನೀರುಗುಳ್ಳೆಯ ಸಣ್ಣ ಮಟ್ಟಗೋಲನ್ನೂ, ಸ್ಕ್ರೂ ಎಷ್ಟು ಬಿಗಿಯಬೇಕೋ ಅಷ್ಟೇ ಬಿಗಿಯುವ ಸ್ಕ್ರೂಡ್ರೈವರನ್ನೂ ತೆಗೆದುಕೊಂಡೆವು. ಅವರು ಆ ಸ್ಕ್ರೂಡ್ರೈವರನ್ನು ಮಡಿಲಲ್ಲಿ ಇಟ್ಟುಕೊಂಡೇ ದುಬೈಯವರೆಗೆ ಕಾರು ಓಡಿಸಿದರು.

ಬಂದೂಕಿನ ಹಿಂಬದಿಗೆ ಇಡುವ ಚೀಲ ಮಾತ್ರ ಅಂಗಡಿಯದು ಹಿಡಿಸಲಿಲ್ಲ. ಅದನ್ನು ಎಡಗೈಯಲ್ಲಿ ಹಿಂಡಿದರೆ ಬಂದೂಕಿನ ಮೂತಿ ಸಾಸಿವೆಯಷ್ಟು ಇಳಿಯಬೇಕು, ಬಿಟ್ಟರೆ ಏರಬೇಕು. ಅತ್ತೆ, "ನಾನು ಹೊಲೀತೇನೆ" ಎಂದು ತಮ್ಮ ಮಗನ ಹಳೆಯ ಜೀನ್ಸಿನ ಒಂದು ಕಾಲು ಕತ್ತರಿಸಿಯೇಬಿಟ್ಟರು. ಒಳಗೆ ತುಂಬಲು ನಾನು ಕುಚ್ಚಲಕ್ಕಿ ತೆಗೆದಾಗ ನನ್ನ ಕೈಯಿಂದ ಡಬ್ಬಿ ಕಿತ್ತುಕೊಂಡರು.

"ಅನ್ನದ ಮೇಲೆ ಬಂದೂಕು ಇಡ್ತಾರಾ? ಎಂತ ಹೆಣ್ಣು ನೀನು! ಮರಳಿಗೆ ಈ ಊರಲ್ಲಿ ಬರಗಾಲವಾ?"

ಮನೆಯ ಹಿಂದಿನಿಂದ ಎರಡು ಬಕೆಟ್ ಮರಳು ತಂದು, ರವೆ ಗಾಳಿಸುವ ಜರಡಿಯಲ್ಲಿ ಗಾಳಿಸಿ, ಅಕ್ಕಿಯಂತೆ ಮೂರು ನೀರಿನಲ್ಲಿ ತೊಳೆದು, ಬಾಲ್ಕನಿಯಲ್ಲಿ ಹಳೆಯ ಸೀರೆಯ ಮೇಲೆ ಹಪ್ಪಳದಂತೆ ಒಣಗಿಸಿದರು. ಆ ಚೀಲ ನೋಡಿ ಹವಾಲ್ದಾರರು, "ಫ್ಯಾಕ್ಟರಿದಕ್ಕಿಂತ ಚಲೋ ಆಗೈತ್ರಿ ಅಮ್ಮಾವ್ರ" ಎಂದು ಸಲಾಮು ಹೊಡೆದಂದಿನಿಂದ ಅತ್ತೆಗೆ ಅದು ತಮ್ಮದೇ ಪಂದ್ಯ.

ಹವಾಲ್ದಾರರು ಸ್ಕೋಪು ಕೂರಿಸಿ, ಮೂರು ಶುಕ್ರವಾರ ಕೂತು, ಅಡ್ಡಗೆರೆಯ ಚುಕ್ಕೆ ಎಲ್ಲಿದೆಯೋ ಗುಂಡು ಅಲ್ಲೇ ಬೀಳುವಂತೆ ಹೊಂದಿಸಿ ಕೊಟ್ಟರು. ಒಂದು ಟಿಕ್ಕಿಗೆ ಐವತ್ತು ಮೀಟರಿನಲ್ಲಿ ಮೂರೂವರೆ ಮಿಲಿಮೀಟರು ಸರಿಯುತ್ತದೆ. ಕೊನೆಯ ದಿನ ಐದು ಗುಂಡು ಒಂದೇ ತೂತಿನಂತೆ ನಟ್ಟ ನಡುವೆ ಹೋದವು. "ಇನ್ನ ಈ ಸ್ಕೋಪ್ ಯಾರೂ ಮುಟ್ಟಂಗಿಲ್ಲ" ಎಂದು ಹವಾಲ್ದಾರರು ಘೋಷಿಸಿದರು. "ಒಮ್ಮೆ ಬಿಚ್ಚಿದ್ರ ಮತ್ತ ಮೊದಲಿಂದ ಹೊಂದಸ್ಬೇಕು. ಶುಕ್ರವಾರ ಬರ್ರಿ, ಕುಂದರ್ರಿ, ಹೊಡೀರಿ."

ಅಷ್ಟಕ್ಕೆ ನಿಂತಿದ್ದರೆ ಇದನ್ನು ಬರೆಯುವ ಕೆಲಸವೇ ಇರಲಿಲ್ಲ. ಆ ವರ್ಷ ಪಂದ್ಯದ ಶುಕ್ರವಾರಕ್ಕೆ ಎರಡು ದಿನ ಮುಂಚೆ, ಬುಧವಾರ, ಆಯುಧಪೂಜೆ ಬಂದಿತ್ತು.

ಸೋಮವಾರವೇ ಅತ್ತೆ ಶುರುಮಾಡಿದರು. "ಕಾರಿಗೆ ಹೂವು ಉಂಟು, ಮಿಕ್ಸಿಗೆ ಉಂಟು, ಇವನ ಲ್ಯಾಪ್‌ಟಾಪಿಗೂ ಉಂಟು. ಈ ಮನೆಯಲ್ಲಿ ನಿಜವಾದ ಆಯುಧ ಹಿಡಿಯುವವಳು ನೀನೊಬ್ಬಳು. ಅದಕ್ಕೇ ಪೂಜೆ ಇಲ್ಲವಾ?"

"ಬಂದೂಕು ಮನೆಗೆ ತರಲಿಕ್ಕಾಗುವುದಿಲ್ಲ ಅತ್ತೆ. ಜೈಲಿಗೆ ಹಾಕ್ತಾರೆ."

"ಬಂದೂಕು ಬೇಡ. ಅದರ ಕಣ್ಣು ನಿನ್ನದೇ ಅಲ್ಲವಾ? ಕಣ್ಣನ್ನು ತಾ."

ಯಾರಾದರೂ ಬುದ್ಧಿಯಿದ್ದವರು ಅಲ್ಲಿಗೆ ಮಾತು ನಿಲ್ಲಿಸುತ್ತಿದ್ದರು. ನಾನು ಮಂಗಳವಾರ ಸಂಜೆ ಕ್ಲಬ್ಬಿಗೆ ಹೋದೆ. ಅತ್ತೆಯ ನೆಪ ಹೇಳುತ್ತೇನೆ, ಆದರೆ ನಿಜ ಹೇಳಬೇಕೆಂದರೆ ನನಗೂ ಒಳಗೊಳಗೆ ಬೇಕಿತ್ತು. ಪೂಜೆಯಾಗದ ಆಯುಧ ಹಿಡಿದು ಪಂದ್ಯಕ್ಕೆ ಹೋಗಿ ಸೋತರೆ, ಆ ಒಂದು ಹೂವಿನ ಕೊರತೆ ಜೀವಮಾನವೆಲ್ಲ ಚುಚ್ಚುತ್ತದೆ.

ಹವಾಲ್ದಾರರು ಕೇಳಿದವರೇ ಕಣ್ಣು ದೊಡ್ಡದು ಮಾಡಿದರು. "ಬಿಚ್ಚಬಾರದು ಅಂತ ನಿಮಗ ಎಷ್ಟ ಸಲ ಹೇಳೀನ್ರಿ?" ಎಂದು ಆಚೆ ತಿರುಗಿದರು. ಆಮೇಲೆ, ನನ್ನ ಮುಖ ನೋಡದೆ, "ಆದ್ರ ನೀವು ಶಸ್ತ್ರಪೂಜಾ ಅಂದ್ರಿ. ಪಲ್ಟನ್‌ದಾಗ ಇದ್ದಷ್ಟ ವರ್ಷ ನಾವು ಒಂದ ಸಲನೂ ತಪ್ಪಿಸಿಲ್ಲ. ನಾನ ಹೆಂಗ ಬ್ಯಾಡ ಅನ್ನಲಿ?" ಎಂದರು. ತಾವೇ ಸ್ಕ್ರೂ ಬಿಚ್ಚಿದರು. ಉಂಗುರ ಕೂತಿದ್ದ ಕಡೆ ಪೆನ್ಸಿಲಿನಿಂದ ಗುರುತು ಹಾಕಿದರು. "ಗುರುವಾರ ಸಂಜಿಗೆ ತರ್ರಿ, ಹತ್ತ ಗುಂಡಿನ್ಯಾಗ ಹೊಂದಿಸಿಕೊಡ್ತೀನಿ. ಮತ್ತ ಅಕ್ಕಾವ್ರ, ನನ್ನ ಹೆಸರಿಂದೂ ಒಂದ ಹೂ ಏರಸ್ರಿ."

ಬುಧವಾರ ನನಗೆ ಬೆಳಗಿನ ಡ್ಯೂಟಿ. ಮಧ್ಯಾಹ್ನ ಮನೆಗೆ ಬರುವಾಗ ದೇವರ ಮುಂದೆ ಮಣೆಯ ಮೇಲೆ ಸ್ಕೋಪು ಮದುಮಗನಂತೆ ಕೂತಿತ್ತು. ಕೊಳವೆಗೆ ಗಂಧದ ಪಟ್ಟೆ, ಗುಂಡಿಗಳಿಗೆ ಚೆಂಡುಹೂವು. ಬಗ್ಗಿ ನೋಡಿದೆ. ಮುಂದಿನ ಗಾಜಿನ ಮೇಲೆ, ಬೆರಳಗಲ, ಗಂಧದಲ್ಲಿ ಕಲಸಿದ ಕುಂಕುಮ.

"ಅತ್ತೇ! ಗಾಜಿಗೆ ಯಾಕೆ ಹಚ್ಚಿದ್ದು?"

"ಹಣೆಗೆ ಹಚ್ಚಿದ್ದು. ಅದಕ್ಕೆ ಹಣೆ ಯಾವುದು, ಕಣ್ಣು ಯಾವುದು ಅಂತ ನನಗೆ ಹೇಗೆ ಗೊತ್ತಾಗ್ಬೇಕು? ಎರಡು ಕಡೆಯೂ ಗಾಜು. ದೊಡ್ಡದಿತ್ತು, ಹಣೆ ಅಂತ ಮಾಡಿದೆ."

ನಾನು ನೆಲದ ಮೇಲೆ ಕೂತುಬಿಟ್ಟೆ. ಅತ್ತೆ ಸಮಾಧಾನ ಮಾಡಲು ಬಂದು, "ಉಳಿದ ಕಡೆ ನಾನೇ ಒರೆಸಿದೆ ಮಗಾ. ಆ ಗುಂಡಿಗಳ ಸಂದಿಗೆ ಗಂಧ ಹೋಗಿತ್ತು, ತಿರುಗಿಸಿ ತಿರುಗಿಸಿ ತೆಗೆದೆ. ಚಂದ ಟಿಕ್ ಟಿಕ್ ಅಂತ ಹೇಳ್ತದೆ" ಎಂದರು.

"ತಿರುಗಿಸಿದಿರಾ? ಎಷ್ಟು ಟಿಕ್?"

"ಎಣಿಸಲಿಕ್ಕೆ ಅದೇನು ಮಂತ್ರವಾ?"

ಯಜಮಾನರು ಬಾಗಿಲಲ್ಲಿ ನಿಂತು ಕೇಳಿದವರು ನೇರ ಅಡುಗೆಮನೆಗೆ ಹೋಗಿ ಎಲ್ಲರಿಗೂ ಚಾ ಮಾಡಿದರು.

ಗಾಜನ್ನು ನಾನೇ ಲ್ಯಾಬಿನ ಪದ್ಧತಿಯಲ್ಲಿ ಸ್ವಚ್ಛ ಮಾಡಿದೆ. ಮೊದಲು ರಬ್ಬರ್ ಬುರುಡೆಯಿಂದ ಗಾಳಿ ಊದಿ ಪುಡಿ ಹಾರಿಸುವುದು, ಆಮೇಲೆ ಮಸೂರದ ಕಾಗದಕ್ಕೆ ದ್ರವ ಹಾಕಿ ನಡುವಿನಿಂದ ಅಂಚಿಗೆ, ಒತ್ತದೆ. ಮುಕ್ಕಾಲು ಹೋಯಿತು. ಅಂಚಿನಲ್ಲಿ ಹೆಸರುಕಾಳಿನಷ್ಟು ಒಂದು ಕೆಂಪು ಕಲೆ ಕೂತೇಬಿಟ್ಟಿತು. ಇನ್ನು ಉಜ್ಜಿದರೆ ಗಾಜಿನ ಮೇಲಿನ ಲೇಪವೇ ಏಳುತ್ತದೆ ಎಂದು ಕೈ ತೆಗೆದೆ. ಗುರುವಾರ ಸಂಜೆ ಕ್ಲಬ್ಬಿಗೆ ಹೊರಡಬೇಕು ಎನ್ನುವಾಗ ಧೂಳಿನ ಗಾಳಿ ಎದ್ದು ರಸ್ತೆಯ ಆಚೆಯ ಮನೆ ಕಾಣದಾಯಿತು. ಹವಾಲ್ದಾರರ ಫೋನು: "ರೇಂಜ್ ಬಂದ್ ಮಾಡ್ಯಾರ್ರಿ. ಇನ್ನ ನಾಳೆ ಬೆಳಿಗ್ಗೀನ."

ಶುಕ್ರವಾರ ಬೆಳಿಗ್ಗೆ ಆಕಾಶ ತೊಳೆದಿಟ್ಟ ತಟ್ಟೆಯಂತಿತ್ತು. ಪಂದ್ಯಕ್ಕೆ ಮೊದಲು ಸಿದ್ಧತೆಗೆ ಹದಿನೈದು ನಿಮಿಷ. ಅಷ್ಟರೊಳಗೆ ಎಷ್ಟು ಬೇಕಾದರೂ ಪರೀಕ್ಷೆಯ ಗುಂಡು ಹೊಡೆಯಬಹುದು. ಆಮೇಲೆ ನಲವತ್ತು ಗುಂಡು, ಒಂದೊಂದಕ್ಕೂ ಲೆಕ್ಕ. ಅಕ್ಕಪಕ್ಕದವರೆಲ್ಲ ಆರಾಮವಾಗಿ ಎರಡು ಗುಂಡು ಹೊಡೆದು ನೀರು ಕುಡಿಯುತ್ತಿದ್ದಾರೆ. ನಮ್ಮ ಮೇಜಿನಲ್ಲಿ ಮಾತ್ರ ಹೆರಿಗೆ ಕೋಣೆಯ ಗಡಿಬಿಡಿ. ಯಜಮಾನರು ಆ ಸ್ಕ್ರೂಡ್ರೈವರು ಹಿಡಿದು ಉಂಗುರ ಬಿಗಿಯುತ್ತಾರೆ. ಅದು ಕಟ್ ಎಂದು ನಿಲ್ಲುವಾಗಲೆಲ್ಲ "ನೋಡಿದೆಯಾ, ಇದಕ್ಕೇ ತಂದದ್ದು" ಎಂದು ನನಗೆ ಕೇಳುವಂತೆ ಹೇಳುತ್ತಾರೆ. ಹವಾಲ್ದಾರರು ಸ್ಕೋಪಿನ ಮುಂದಿನ ಗಾಜು ನೋಡಿ ಹುಬ್ಬು ಹಾರಿಸಿದರು.

"ಇದೇನ್ರಿ ಕೆಂಪ?"

"ಕುಂಕುಮ."

ಅವರು ಟೊಪ್ಪಿಗೆ ತೆಗೆದು ಕಣ್ಣಿಗೊತ್ತಿಕೊಂಡು ಮತ್ತೆ ಹಾಕಿಕೊಂಡರು. "ಇರ್ಲಿ ಬಿಡ್ರಿ. ಮುಂದಿನ ಗ್ಲಾಸಿನ ಮ್ಯಾಲಿಂದು ಕಣ್ಣಿಗೆ ಕಾಣಂಗಿಲ್ಲ." ಅದು ನನಗೂ ಗೊತ್ತಿತ್ತು. ಕಣ್ಣಿನ ಕಡೆಯ ಗಾಜಿನ ಕಸವೇ ಕಾಡುವುದು.

ಬಂದೂಕಿನ ಹಿಂದಿನ ಬೋಲ್ಟನ್ನು ಹೊರಗೆಳೆದು ಅವರು ನಳಿಗೆಯೊಳಗಿನಿಂದಲೇ ಗುರಿಯನ್ನು ನೋಡಿದರು. ಕಪ್ಪು ವೃತ್ತ ನಳಿಗೆಯ ನಡುವೆ ಬರುವಂತೆ ಚೀಲಗಳ ಮೇಲೆ ಬಂದೂಕನ್ನು ಕೂರಿಸಿ, "ಅಲ್ಲಾಡಸ್ಬ್ಯಾಡ್ರಿ. ಈಗ ನಿಮ್ಮ ಗೆರಿ ಎಲ್ಲೈತಿ ನೋಡ್ರಿ" ಎಂದರು. ಸ್ಕೋಪಿನಲ್ಲಿ ನೋಡಿದೆ. ಅಡ್ಡಗೆರೆ ಪಕ್ಕದವರ ಗುರಿಯ ಮೇಲಿತ್ತು! ಅತ್ತೆ ಮಾಡಿದ ಪ್ರದಕ್ಷಿಣೆ ಸಣ್ಣದಲ್ಲ. ಟಿಕ್ ಟಿಕ್ ಟಿಕ್ ಎಂದು ತಿರುಗಿಸುತ್ತ ಗೆರೆಯನ್ನು ನಮ್ಮ ವೃತ್ತಕ್ಕೆ ಎಳೆದು ತಂದೆ.

"ಒಂಬತ್ತು ನಿಮಿಷ" ಎಂದು ಮೈಕಿನಲ್ಲಿ ಕೂಗಿದರು.

ಬೋಲ್ಟು ಹಾಕಿ, ಉಸಿರು ಬಿಟ್ಟು, ಮೂರು ಗುಂಡು ಹೊಡೆದೆ. ಸ್ಕೋಪಿನಲ್ಲಿ ನೋಡಿದರೆ ಮೂರೂ ಒಂದು ನಾಣ್ಯದಡಿ ಮುಚ್ಚುವಷ್ಟು ಒತ್ತಾಗಿ ಬಿದ್ದಿವೆ. ಕಪ್ಪಿನ ಹೊರಗೆ. ಎಡಕ್ಕೆ.

ಅದೇ ಕಾಗದ, ಅದೇ ಎಡಗಡೆ. ಸರ್ ಮಡಚಿದ್ದು, ಬೋರ್ಡಿನ ಮುಂದೆ ನಾನು ನಿಂತದ್ದು, ಎಲ್ಲ ಒಮ್ಮೆಗೇ ಬಂತು. ಬಾಯಿಯಿಂದ ತಾನಾಗಿ, "ಗುಂಪು ಚಂದ ಉಂಟು, ಜಾಗ ತಪ್ಪಿದೆ" ಎಂದು ಬಂದುಬಿಟ್ಟಿತು.

"ತಪ್ಪಿದ್ರ ತಪ್ಪಲಿ" ಎಂದರು ಹವಾಲ್ದಾರರು. "ಗುಂಪ ಕೆಟ್ಟರ ದೇವರು ಬಂದ್ರೂ ಆಗಂಗಿಲ್ಲ. ಜಾಗಾ ತಪ್ಪಿದ್ರ ಗುಂಡಿ ಐತಲ್ಲ! ಎಷ್ಟ ತಪ್ಪೈತಿ ಹೇಳ್ರಿ."

ಹೌದಲ್ಲ! ಈ ಸಲ ಗುಂಡಿ ನನ್ನ ಕೈಯಲ್ಲೇ ಇದೆ. ಗುರಿಯ ಉಂಗುರಗಳ ಅಳತೆ ನನಗೆ ಬಾಯಿಪಾಠ. ಎಡಕ್ಕೆ ನಾಲ್ಕು ಸೆಂಟಿಮೀಟರು, ಕೆಳಗೆ ಎರಡೂವರೆ. ಯಜಮಾನರು ಕ್ಷಣದಲ್ಲಿ ಭಾಗಿಸಿ, "ಬಲಕ್ಕೆ ಹನ್ನೊಂದು, ಮೇಲೆ ಏಳು!" ಎಂದು ಕೂಗಿದರು. ಜನ್ಮದಲ್ಲಿ ಅವರ ಗಣಿತ ಅಷ್ಟು ಇಂಪಾಗಿ ಕೇಳಿಸಿದ್ದಿಲ್ಲ. ಎಣಿಸಿ ತಿರುಗಿಸಿದೆ. ಮೂರು ಗುಂಡು. ನಡು ಉಂಗುರದ ಅಂಚಿನಲ್ಲಿ, ಇನ್ನೂ ಒಂದು ಟಿಕ್ ಎಡ. ಒಂದು ಟಿಕ್. ಇನ್ನೊಂದು ಗುಂಡು. ನಟ್ಟ ನಡುವೆ! ನಾನು ಕೂಗಿದ್ದು ಕಿವಿಮುಚ್ಚಿದ್ದವರಿಗೂ ಕೇಳಿಸಿರಬೇಕು. ಮೈಕಿನಲ್ಲಿ, "ಸ್ಟಾಪ್. ಪಂದ್ಯ ಶುರು."

ಆ ನಲವತ್ತು ಗುಂಡುಗಳ ಬಗ್ಗೆ ನನಗೆ ನೆನಪಿರುವುದು ಎಡಗೈಯೊಳಗಿನ 'ಅತ್ತೆಯ ಮರಳು' ಮಾತ್ರ. ಹಿಂಡಿದರೆ ಚುಕ್ಕೆ ಇಳಿಯುತ್ತಿತ್ತು, ಬಿಟ್ಟರೆ ಏರುತ್ತಿತ್ತು. ನೀರುಗುಳ್ಳೆ ನಡುವೆ ನಿಂತಾಗ ಉಸಿರು ಅರ್ಧ ಬಿಟ್ಟು ಬೆರಳು ಒತ್ತುವುದು. ಬಿಸಿಲು ಏರಿದ ಹಾಗೆ ಮರಳಿನ ಮೇಲಿನ ಗಾಳಿ ನಡುಗತೊಡಗಿತು. ಪಕ್ಕದ ಮೇಜಿನ ದೊಡ್ಡ ಸ್ಕೋಪಿನವರು ತಲೆ ಎತ್ತಿ ಎತ್ತಿ ಕಣ್ಣು ಉಜ್ಜಿಕೊಂಡರು. ನಾನು ಹನ್ನೆರಡರಿಂದ ಹತ್ತಕ್ಕೆ ಇಳಿಸಿ ಮುಂದೆ ಹೊಡೆದೆ. ಇಪ್ಪತ್ತಾರನೆಯದೋ ಇಪ್ಪತ್ತೇಳನೆಯದೋ ಒಂದು ಗುಂಡು ಅವಸರದಲ್ಲಿ ಹೋಗಿ ಏಳರ ಉಂಗುರಕ್ಕೆ ಬಿತ್ತು. ನನ್ನ ಹಿಂದೆ ಗಾಜಿನ ಗೋಡೆಯಾಚೆ ಅತ್ತೆ, ಸೀರೆಯ ಸೆರಗಿನ ಮೇಲೆ ಹಳದಿ ಬಣ್ಣದ ದೊಡ್ಡ ಕಿವಿಮುಚ್ಚುಗೆ ಹಾಕಿಕೊಂಡು, ಎರಡು ಕೈಯನ್ನೂ ಜೋಡಿಸಿ ಕೂತಿದ್ದರು.

ಪಟ್ಟಿ ಬರಲು ಒಂದು ಗಂಟೆ. ನಾವು ನಾಲ್ವರೂ ಕ್ಯಾಂಟೀನಿನಲ್ಲಿ ಕೂತೆವು. ಕಾಗದ ಹಿಡಿದ ಹುಡುಗಿ ಬೋರ್ಡಿನ ಕಡೆ ಹೊರಟಾಗ ನಾನು ಎದ್ದು ಹೋಗದೆ ಚಾದ ಲೋಟ ತಿರುಗಿಸುತ್ತ ಕೂತೆ. ಅತ್ತೆ ಕನ್ನಡಕ ಸರಿಮಾಡಿಕೊಂಡು ತಾವೇ ಹೋದರು. ಅವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ನನ್ನ ಹೆಸರಿನ ಆಕಾರ ಮಾತ್ರ ಆಸ್ಪತ್ರೆಯ ಬ್ಯಾಡ್ಜಿನಿಂದ ಗೊತ್ತು. ಮೇಲಿನಿಂದ ಬೆರಳಿಟ್ಟು ಇಳಿಸುತ್ತ ಬಂದರು. ಬೆರಳು ಇಳಿಯಿತು, ಇಳಿಯಿತು, ತೀರಾ ಕೆಳಗೆ ಹೋಗಿ ನಿಂತಿತು. ಅಲ್ಲಿಂದಲೇ ಇಡೀ ಕ್ಯಾಂಟೀನಿಗೆ ಕೇಳುವಂತೆ, "ಉಂಟು ಮಗಾ! ಕೊನೆಗೆ ಉಂಟು! ಬಾ, ನೋಡು ಬಾ!" ಎಂದು ಕೂಗಿದರು.

ಎಂಟನೆಯದು. ಒಂಬತ್ತನೆಯವರಿಗೂ ನನಗೂ ಎರಡೇ ಅಂಕದ ಅಂತರ. ನಾನು ಓಡಿ ಹೋಗಿ ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದಿದೆ. ಎರಡು ಸಲವೂ ಇತ್ತು. ಅಜ್ಜ ಇದ್ದಿದ್ದರೆ ಅಡಕೆ ಕತ್ತರಿ ಕೆಳಗಿಟ್ಟು ಕೇಳುತ್ತಿದ್ದರು.

ಮುಂದಿನ ವಾರ ಫೈನಲಿನಲ್ಲಿ ಆರನೆಯವಳಾದೆ. ಅದರ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ, ಬೋರ್ಡಿನ ಮುಂದೆ ಅತ್ತೆ ನಿಂತ ಫೋಟೋ ಮಾತ್ರ ಫ್ರಿಜ್ಜಿನ ಮೇಲುಂಟು. ಬೋರ್ಡಿಗೆ ಹೆಸರು ಹಚ್ಚಿದ ದಿನ ಹೊರಡುವಾಗ ಅತ್ತೆ ಹವಾಲ್ದಾರರನ್ನು ಬದಿಗೆ ಕರೆದು, "ಬರುವ ವರ್ಷ ಪೂಜೆಗೆ ಇದನ್ನು ಬಿಚ್ಚುವುದು ಬೇಡ, ನಾನೇ ಇಲ್ಲಿಗೆ ಬರ್ತೇನೆ. ಆದರೆ ಬೊಟ್ಟು ಎಲ್ಲಿ ಇಡಬೇಕು ಅಂತ ಈಗಲೇ ಹೇಳಿ" ಎಂದರು. ಹವಾಲ್ದಾರರು ನಗಲಿಲ್ಲ. ಬಿಳಿ ಟೇಪಿನ ಒಂದು ತುಂಡು ಹರಿದು, ಸ್ಕೋಪಿನ ಕೊಳವೆಯ ಮೇಲೆ, ಗಾಜಿನಿಂದ ಗೇಣು ದೂರದಲ್ಲಿ ಅಂಟಿಸಿ, ಪೆನ್ಸಿಲಿನಿಂದ ದಪ್ಪ ಅಕ್ಷರದಲ್ಲಿ 'ಹಣೆ' ಎಂದು ಬರೆದರು.